ಹುಳುಮನೆಯ ಆರ್ದ್ರತೆ ಮತ್ತು ಯಂತ್ರದ ಅಳತೆ

‘ಆರ್ದ್ರ’ ಎಂಬ ಸಂಸ್ಕೃತ ಶಬ್ದಕ್ಕೆ ಒದ್ದೆಯಾದುದು, ತೇವಗೊಂಡುದು ಎಂದು ಅರ್ಥ. ನಕ್ಷತ್ರದ ಹೆಸರಾದ ಅದೇ ಶಬ್ದವು ನಮ್ಮ ರೈತನ ಬಾಯಲ್ಲಿ ‘ಆರಿದ್ರ ಮಳೆ’ಯಾಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯವರಿಗೆ ತೇವದ ಬೆಲೆಯನ್ನು ಪರರು ಹೇಳಿಕೊಡಬೇಕಾದುದಿಲ್ಲ. ಹೊಲದ ತೇವವನ್ನು ಆಕಾಶವು ಕರುಣಿಸಬೇಕು. ಆದರೆ ರೇಷ್ಮೆ ಹುಳು ಸಾಕುವವನು ಮನೆಯೊಳಗಣ ಗಾಳಿಯ ತೇವವನ್ನು ತಾನೇ ಒದಗಿಸಬೇಕಾಗುತ್ತದೆ. ಇದಕ್ಕಾಗಿ ಹ್ಯುಮಿಡಿಫೈಯರ್ ಎಂಬ ಯಂತ್ರಗಳು ದೊರೆಯುತ್ತವೆ. ಎಂತಹ ಮನೆಗೆ ಎಷ್ಟು ದೊಡ್ಡ ಯಂತ್ರ ಬೇಕೆಂಬುದನ್ನು ತಿಳಿಯದೆ ಹಣ ತೆರುವವರೇ ಬಹಳ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಒಕ್ಕಲುತನದ ಮನೆಯವರು ಅನೇಕರಿರುವುದರಿಂದ ಆ ಲೆಕ್ಕವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ರೇಷ್ಮೆ ಹುಳು ನೀರು ಕುಡಿಯುವ ಪ್ರಾಣಿಯಲ್ಲ. ಅದಕ್ಕೆ ಬೇಕಾದ ನೀರೆಲ್ಲ ಹಿಪ್ಪುನೇರಳೆ ಸೊಪ್ಪಿನಿಂದಲೇ ಬರಬೇಕು. ಗಾಳಿ ಒಣಗಿದ್ದರೆ ಸೊಪ್ಪು ಬೇಗನೆ ಬಾಡುತ್ತದೆ. ಬಾಡಿದ ಸೊಪ್ಪನ್ನು ಎಳೆಯ ಹುಳು ತಿನ್ನದು. ಆಗ ಹುಳುಗಳು ಏರುಪೇರಾಗಿ ಬೆಳೆದು, ಒಂದೇ ವೇಳೆಗೆ ಜ್ವರಕ್ಕೆ ಕೂರುವುದಿಲ್ಲ. ಆದುದರಿಂದ ಮೊದಲೆರಡು ಹಂತದ ಚಾಕಿ ಹುಳುಗಳಿಗೆ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ, ಶೇಕಡ 85ರಿಂದ 90ರಷ್ಟು ಆರ್ದ್ರತೆ ಅವಶ್ಯ. ಹುಳು ಬೆಳೆದಂತೆ ಈ ಅಗತ್ಯ ಇಳಿಯುತ್ತ ಬಂದು, ಐದನೆಯ ಹಂತದಲ್ಲಿ ಶೇಕಡ 70ರಷ್ಟು ಸಾಕಾಗುತ್ತದೆ.

ಇನ್ನು ಲೆಕ್ಕ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಚಾಕಿ ಕೋಣೆಯೊಂದನ್ನು ಭಾವಿಸೋಣ. ಅದರ ಗಾತ್ರ 3,000 ಘನ ಅಡಿ, ಅಂದರೆ ಸುಮಾರು 85 ಘನ ಮೀಟರು. 27 ಡಿಗ್ರಿಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ 26 ಗ್ರಾಂನಷ್ಟು ನೀರಾವಿಯನ್ನು ಹಿಡಿಯಬಲ್ಲುದು. ಬೇಸಗೆಯಲ್ಲಿ ಆರ್ದ್ರತೆ ಶೇಕಡ 40 ಇದ್ದರೆ ಅದರಲ್ಲಿರುವುದು 10 ಗ್ರಾಂ. ಶೇಕಡ 85ಕ್ಕೆ ಬೇಕಾದುದು 22 ಗ್ರಾಂ. ಕೊರತೆ 12 ಗ್ರಾಂ. ಇದನ್ನು 85ರಿಂದ ಗುಣಿಸಿದರೆ ಸುಮಾರು ಒಂದು ಲೀಟರು ನೀರು.

ಇಷ್ಟಕ್ಕೇ ಲೆಕ್ಕ ಮುಗಿಯಿತೆಂದು ತಿಳಿಯುವುದೇ ಹಲವರು ಎಡವುವ ಸ್ಥಳ. ಕೋಣೆಯ ಗಾಳಿ ನಿಂತ ನೀರಲ್ಲ. ಕಿಟಕಿ, ಸಂದು, ಹೆಂಚಿನ ಬಿರುಕುಗಳಿಂದ ಅದು ಸದಾ ಬದಲಾಗುತ್ತಿರುತ್ತದೆ. ಗಂಟೆಗೊಮ್ಮೆ ಬದಲಾದರೆ ಗಂಟೆಗೆ ಒಂದು ಲೀಟರು, ಮೂರು ಸಲ ಬದಲಾದರೆ ಮೂರು ಲೀಟರು ನೀರನ್ನು ಆವಿ ಮಾಡಬೇಕು. ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದ ಗುಡ್ಡಗಳ ಮಗ್ಗುಲಲ್ಲಿ ಹುಳುಮನೆ ಕಟ್ಟಿದವನು ಇದನ್ನು ಮರೆಯಲಾಗದು. ಆದುದರಿಂದ ಮೊದಲು ಸಂದುಗಳನ್ನು ಮುಚ್ಚಿ, ಎತ್ತರವಾದ ಮಾಡಿಗೆ ಕೆಳಗೊಂದು ಒಳಮುಚ್ಚಿಗೆ ಕಟ್ಟಿ ಗಾಳಿಯ ಗಾತ್ರವನ್ನು ತಗ್ಗಿಸಬೇಕು. ಅನಂತರ ಯಂತ್ರವನ್ನು ಕೊಳ್ಳಬೇಕು. ಕೊಳ್ಳುವಾಗ ತೊಟ್ಟಿಯ ಗಾತ್ರವನ್ನಲ್ಲ, ಗಂಟೆಗೆ ಎಷ್ಟು ಲೀಟರು ನೀರು ಹೊರಡುತ್ತದೆಂಬುದನ್ನು ಕೇಳಬೇಕು. ಹಿರಿಯೂರಿನಷ್ಟು ಒಣಹವೆ ಪಡುವಣ ಹೊಳಲ್ಕೆರೆಯಲ್ಲಿಲ್ಲ. ಆದಕಾರಣ ನೆರೆಯೂರಿನ ಯಂತ್ರದ ಅಳತೆ ನಮಗೆ ಪ್ರಮಾಣವಾಗದು.

ದೊಡ್ಡ ಯಂತ್ರ ತಂದರೆ ಚಿಂತೆಯಿಲ್ಲವೆಂಬ ಭಾವನೆಯೂ ಅಪಾಯಕರ. ಅತಿಯಾದರೆ ಅಮೃತವೂ ವಿಷವೆಂಬುದು ಇಲ್ಲಿ ಅಕ್ಷರಶಃ ಸತ್ಯ. ಸೊಪ್ಪು, ಹಿಕ್ಕೆಗಳು ತೊಯ್ದು ಹಾಸಿಗೆ ಒದ್ದೆಯಾದರೆ ಬೂಷ್ಟಿನಿಂದ ಬರುವ ಸುಣ್ಣಕಟ್ಟು ರೋಗಕ್ಕೆ ಆಸ್ಪದವಾಗುತ್ತದೆ. ಜ್ವರದ ಸಮಯದಲ್ಲಿ ಹಾಸಿಗೆ ಒಣಗಿರಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ಮೇಲೆ ತೇವಕ್ಕಿಂತ ಗಾಳಿಯಾಟವೇ ಮುಖ್ಯ. ತಿಂಗಳ ದುಡಿಮೆ, ತಂದ ಸಾಲ, ಎರಡೂ ಗೂಡಿನ ಮೇಲೆ ನಿಂತಿರುವಾಗ ಈ ವಿವೇಕ ತಪ್ಪಬಾರದು. ಬೇಕಾದ ಆರ್ದ್ರತೆ ಮುಟ್ಟಿದೊಡನೆ ತಾನಾಗಿ ನಿಲ್ಲುವ ಸ್ವಿಚ್ಚುಳ್ಳ ಯಂತ್ರವೇ ಲೇಸು. ಗಂಟೆಗೆ ಒಂದು ಲೀಟರು ನೀರು ಆವಿಯಾಗುವಾಗ, 670 ವ್ಯಾಟಿನ ಹೀಟರು ಕೊಡುವಷ್ಟು ಶಾಖವನ್ನು ಅದು ಹೀರುತ್ತದೆಂಬುದೂ ನೆನಪಿರಲಿ. ಬೇಸಗೆಯಲ್ಲಿ ಇದು ಉಪಕಾರ, ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡುವ ಏರ್ಪಾಡೂ ಬೇಕು.

ಕೆಲವೇ ತಟ್ಟೆಗಳ ಸಾಕಣೆಗೆ ಯಂತ್ರವೇ ಬೇಡ. ಹಾಸಿಗೆಯ ಸುತ್ತ ಒದ್ದೆ ಸ್ಪಂಜಿನ ಪಟ್ಟಿಗಳನ್ನಿಟ್ಟು, ಮೇಣದ ಕಾಗದ ಹೊದಿಸಿ, ಜ್ವರದ ವೇಳೆಗೆ ಅದನ್ನು ತೆಗೆದರಾಯಿತು. ಯಂತ್ರವಿರಲಿ, ಇಲ್ಲದಿರಲಿ, ಒಣ ಮತ್ತು ಒದ್ದೆ ಬಲ್ಬುಗಳ ಜೋಡಿ ಉಷ್ಣಮಾಪಕವೊಂದು ಗೋಡೆಯ ಮೇಲಿರಲೇಬೇಕು. ಒಣ ಬಲ್ಬು 27, ಒದ್ದೆ ಬಲ್ಬು 25 ತೋರಿದರೆ ಆರ್ದ್ರತೆ ಶೇಕಡ 85ರ ಹತ್ತಿರವಿದೆ. ಒದ್ದೆ ಬಲ್ಬು 18ಕ್ಕೆ ಇಳಿದರೆ ಶೇಕಡ 40ಕ್ಕೆ ಬಿದ್ದಿದೆ ಎಂದು ತಿಳಿಯಬೇಕು. ಅಳೆದು ಕೊಟ್ಟ ತೇವ ಗೂಡಾಗುತ್ತದೆ. ಅಳೆಯದೆ ಸುರಿದದ್ದು ರೋಗವಾಗುತ್ತದೆ.