ಆಡ್ರೆ, ನೀನು ವಿಮಾನ ಹತ್ತಬೇಕಿತ್ತು!

ಕಪ್ಪು ಗೌನು, ಕತ್ತಿಗೆ ಮುತ್ತಿನ ಸರ, ಕೈಯಲ್ಲಿ ಉದ್ದನೆಯ ಸಿಗರೇಟ್ ಕೊಳವೆ. ಆಡ್ರೆ ಹೆಪ್‌ಬರ್ನ್ ಅವರ ಈ ಚಿತ್ರ ನಮ್ಮ ಹಾಸ್ಟೆಲ್‌ನಲ್ಲೇ ಮೂವರ ಮೊಬೈಲ್ ಕವರ್ ಮೇಲಿದೆ. ಮೂವರೂ ಆ ಸಿನಿಮಾ ನೋಡಿಲ್ಲ! ಸೆಮ್ ಪರೀಕ್ಷೆ ಮುಗಿದ ರಾತ್ರಿ ನಾನು ನೋಡಿದೆ: 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್’.

‘ರೋಮನ್ ಹಾಲಿಡೇ’ ನೋಡಿದಾಗಿನಿಂದ ನಾನು ಆಡ್ರೆಯ ಅಭಿಮಾನಿ. ಅದರಲ್ಲಿ ರಾಜಕುಮಾರಿ ಒಂದು ದಿನ ಊರು ಸುತ್ತಿ, ಪ್ರೀತಿಸಿದವನನ್ನು ಬಿಟ್ಟು ತಾನಾಗಿಯೇ ಅರಮನೆಗೆ ಮರಳುತ್ತಾಳೆ. ನಿರ್ಧಾರ ಅವಳದೇ. ಇಲ್ಲೂ ಅಂಥದ್ದೇ ಹುಡುಗಿ ಸಿಗುತ್ತಾಳೆ ಅಂದುಕೊಂಡಿದ್ದೆ.

ಶುರುವೇನೋ ಸೊಗಸು. ನಸುಕಿನ ನ್ಯೂಯಾರ್ಕ್, ಖಾಲಿ ರಸ್ತೆ, ಆಭರಣದಂಗಡಿಯ ಗಾಜಿನೆದುರು ನಿಂತು ಪೇಸ್ಟ್ರಿ ತಿನ್ನುವ ಹಾಲಿ. ಆಮೇಲೆ ಮೇಲ್ಮಹಡಿಯ ಜಪಾನಿ ನೆರೆಯವನು ಬರುತ್ತಾನೆ. ಬಿಳಿಯ ನಟ ಮಿಕ್ಕಿ ರೂನಿ ಹಲ್ಲುಸೆಟ್ಟು ಹಾಕಿಕೊಂಡು ಕಿರುಚಾಡುವುದೇ ಅಲ್ಲಿ ಹಾಸ್ಯ. ‘ಆ ಕಾಲ ಹಾಗಿತ್ತು’ ಅನ್ನಬಹುದು. ಆದರೆ ಜಪಾನಿ ಮೂಲದ ಅಮೆರಿಕನ್ನರನ್ನು ಯುದ್ಧದ ನೆಪದಲ್ಲಿ ಶಿಬಿರಗಳಿಗೆ ಅಟ್ಟಿ ಆಗಿನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ. ನನಗಂತೂ ನಗು ಬರಲಿಲ್ಲ.

ಅದಕ್ಕಿಂತ ಚುಚ್ಚಿದ್ದು ಹಾಲಿಯ ಕಥೆ. ಅವಳ ನಿಜವಾದ ಹೆಸರು ಲುಲಾಮೇ. ಟೆಕ್ಸಾಸ್‌ನ ಹಳ್ಳಿಯವಳು. ಹದಿನಾಲ್ಕು ತುಂಬುವ ಮೊದಲೇ ಮಕ್ಕಳಿದ್ದ ವಿಧುರನನ್ನು ಮದುವೆಯಾಗಿ, ಓಡಿಬಂದವಳು. ಆಡ್ರೆಯ ಮಾತಿನಲ್ಲಾಗಲಿ ನಡಿಗೆಯಲ್ಲಾಗಲಿ ಆ ಹಳ್ಳಿಯ ಸುಳಿವೇ ಇಲ್ಲ. ಅದೇ ರಾಜಕುಮಾರಿ, ಬೇರೆ ಗೌನು. ಯುದ್ಧಕಾಲದ ನೆದರ್ಲೆಂಡ್ಸ್‌ನಲ್ಲಿ ಹಸಿವನ್ನು ಕಂಡುಂಡ ನಟಿ ಈಕೆ. ಗೊತ್ತಿಲ್ಲದೆ ಅಲ್ಲ ಎಂಬುದೇ ಹೆಚ್ಚು ಬೇಸರ. ಕಥೆ ಬರೆದ ಟ್ರೂಮನ್ ಕಪೋಟಿಗೆ ಈ ಪಾತ್ರಕ್ಕೆ ಮರ್ಲಿನ್ ಮನ್ರೋ ಬೇಕಿತ್ತಂತೆ. ಯಾಕೆಂದು ಈಗ ಅರ್ಥವಾಗುತ್ತದೆ. ಒಂದೇ ಒಂದು ಕಡೆ, ತಲೆಗೆ ಟವೆಲ್ ಸುತ್ತಿ, ಕಿಟಕಿಯಲ್ಲಿ ಕುಳಿತು ಗಿಟಾರ್ ಹಿಡಿದು ‘ಮೂನ್ ರಿವರ್’ ಹಾಡುವಾಗ, ಲುಲಾಮೇ ಕಂಡಳು. ಆ ಎರಡು ನಿಮಿಷವನ್ನು ಮೂರು ಸಲ ನೋಡಿದೆ.

ಕೊನೆಯಲ್ಲಿ, ಯಾರೂ ಯಾರ ಸ್ವತ್ತೂ ಅಲ್ಲ ಎಂದು ಹಾಲಿ ವಾದಿಸುತ್ತಾಳೆ. ನಾಯಕ ಟ್ಯಾಕ್ಸಿಯಲ್ಲಿ ಒಂದು ಭಾಷಣ ಬಿಗಿದು ಇಳಿದುಹೋಗುತ್ತಾನೆ. ಇವಳು ಮಳೆಯಲ್ಲಿ ಅವನ ಹಿಂದೆ ಓಡುತ್ತಾಳೆ. ಬೀದಿಗೆ ಬಿಟ್ಟಿದ್ದ ಬೆಕ್ಕೂ ಸಿಗುತ್ತದೆ, ಮುತ್ತೂ ಸಿಗುತ್ತದೆ, ಸಿನಿಮಾ ಮುಗಿಯುತ್ತದೆ. ಡಿಗ್ರಿ ಕೈಗೆ ಬರುವ ಮೊದಲೇ ಜಾತಕ ಕೇಳುವ ನೆಂಟರಿರುವ ಮನೆಯ ಹುಡುಗಿ ನಾನು. ಆ ಓಟ ನೋಡಿ ಮೈ ಉರಿಯಿತು.

ಆಮೇಲೆ ಕಪೋಟಿಯ 1958ರ ಕಿರುಕಾದಂಬರಿ ಓದಿದೆ. ಅದರಲ್ಲಿ ಭಾಷಣವೂ ಇಲ್ಲ, ಮುತ್ತೂ ಇಲ್ಲ. ಬೆಕ್ಕನ್ನು ಬಿಟ್ಟದ್ದಕ್ಕೆ ಸಂಕಟಪಡುತ್ತಲೇ ಹಾಲಿ ಬ್ರೆಜಿಲ್‌ಗೆ ಹೊರಟುಹೋಗುತ್ತಾಳೆ.