ಪ್ಲಗ್-ಇನ್ ಹೈಬ್ರಿಡ್: ಎಂಜಿನ್ ಇನ್ನೂ ಬೇಕೆ?

ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟರು ಎರಡೂ ಇದ್ದು, ಮನೆಯಲ್ಲೇ ಚಾರ್ಜ್ ಮಾಡಬಹುದಾದ ಕಾರಿಗೆ 'ಪ್ಲಗ್-ಇನ್ ಹೈಬ್ರಿಡ್' ಎಂದು ಹೆಸರು. ನಡುದಾರಿಯಲ್ಲಿ ಬ್ಯಾಟರಿ ಬರಿದಾದರೆ ಗತಿಯೇನು ಎಂಬ ಅಂಜಿಕೆಯೇ ಇದಕ್ಕೆ ಗಿರಾಕಿಗಳನ್ನು ತಂದುಕೊಟ್ಟಿತು. ಪೂರ್ಣ ವಿದ್ಯುತ್ ಕಾರುಗಳು ಸುಧಾರಿಸಿದಂತೆ ಈ ಬೇಡಿಕೆ ಏನಾಗುತ್ತದೆ? ಒಂದೇ ಕಾರಿನ ಚರಿತ್ರೆಯನ್ನು ನೋಡೋಣ.

ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2013ರಲ್ಲಿ ಐ3 ಕಾರನ್ನು ಎರಡು ಬಗೆಗಳಲ್ಲಿ ತಂದಿತು. ಒಂದರಲ್ಲಿ ಇದ್ದುದು ಬ್ಯಾಟರಿ ಮಾತ್ರ. ಅದರ ಸಾಮರ್ಥ್ಯ 22 ಕಿಲೋವ್ಯಾಟ್-ಗಂಟೆ, ಅಂದರೆ ನಿಮ್ಮ ಮನೆಯ ವಿದ್ಯುತ್ ಬಿಲ್ಲಿನ 22 ಯೂನಿಟ್. ಅಮೆರಿಕದ ಅಧಿಕೃತ ಪರೀಕ್ಷೆಯಲ್ಲಿ ಅದು ಒಂದು ಚಾರ್ಜಿಗೆ ಸುಮಾರು 130 ಕಿಮೀ ಓಡಿತು. ಇನ್ನೊಂದರಲ್ಲಿ ಅದೇ ಬ್ಯಾಟರಿಯೊಂದಿಗೆ ಸ್ಕೂಟರಿನಿಂದ ಎರವಲು ಪಡೆದ 647 ಸಿಸಿ ಎಂಜಿನ್. ಇದು ಚಕ್ರ ತಿರುಗಿಸುವುದಿಲ್ಲ. ಜನರೇಟರನ್ನು ತಿರುಗಿಸಿ ವಿದ್ಯುತ್ ಕೊಡುತ್ತದೆ. ಎಂಜಿನ್, ಜನರೇಟರ್, ಟ್ಯಾಂಕು ಸೇರಿ ತೂಕ 100 ಕೆಜಿಗೂ ಮಿಕ್ಕಿ ಹೆಚ್ಚಿತು. ಬ್ಯಾಟರಿಯಿಂದ ಓಡುವ ದೂರ ಸುಮಾರು 116 ಕಿಮೀ, ಪೆಟ್ರೋಲೂ ಸೇರಿ ಒಟ್ಟು 240 ಕಿಮೀ.

2018ರ ವೇಳೆಗೆ ಅದೇ ಜಾಗದಲ್ಲಿ 42 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಹಿಡಿಯಿತು. ಎಂಜಿನ್ ಇಲ್ಲದ ಐ3 ಈಗ 246 ಕಿಮೀ ಓಡತೊಡಗಿತು. ಎರಡು ಅಂಕಿಗಳನ್ನು ಹೋಲಿಸಿ: ಎಂಜಿನ್ ಹೊತ್ತು ತಲುಪುತ್ತಿದ್ದ ದೂರವನ್ನು ಬ್ಯಾಟರಿಯೊಂದೇ ತಲುಪಿತು. ಯುರೋಪಿನಲ್ಲಿ ಕಂಪನಿ ಎಂಜಿನ್ ಇರುವ ಬಗೆಯನ್ನು ಆ ವರ್ಷವೇ ಕೈಬಿಟ್ಟಿತು. ಅಮೆರಿಕದಲ್ಲಿ ಅದು 2021ರವರೆಗೆ ಉಳಿಯಿತು.

ನಾರ್ವೆಯಲ್ಲಿ ಇದೇ ಕಥೆ ದೇಶದ ಮಟ್ಟದಲ್ಲಿ ನಡೆಯಿತು. 2020ರಲ್ಲಿ ಹೊಸ ಕಾರುಗಳಲ್ಲಿ ಪ್ಲಗ್-ಇನ್ ಹೈಬ್ರಿಡ್‌ಗಳ ಪಾಲು ಸುಮಾರು ಶೇ. 20, ಪೂರ್ಣ ವಿದ್ಯುತ್ ಕಾರುಗಳದು ಶೇ. 54. 2024ರಲ್ಲಿ ಮೊದಲನೆಯದು ಶೇ. 3ಕ್ಕಿಂತ ಕೆಳಗಿಳಿಯಿತು, ಎರಡನೆಯದು ಶೇ. 89ಕ್ಕೆ ಏರಿತು. ಇದು ಬರೀ ತಂತ್ರಜ್ಞಾನದ ಮಹಿಮೆ ಎನ್ನಬೇಡಿ, ಶೇ. 25ರ ಮೌಲ್ಯವರ್ಧಿತ ತೆರಿಗೆಯಿಂದ ವಿನಾಯಿತಿ ಇದ್ದುದು ಪೂರ್ಣ ವಿದ್ಯುತ್ ಕಾರಿಗೆ ಮಾತ್ರ.

ಹಾಗಾದರೆ ಪ್ಲಗ್-ಇನ್ ಹೈಬ್ರಿಡ್‌ನ ಕಾಲ ಮುಗಿಯಿತೆ? ಚೀನಾ ಬೇರೆಯೇ ಉತ್ತರ ಕೊಡುತ್ತದೆ. ಅಲ್ಲಿನ ಬಿವೈಡಿ ಕಂಪನಿ 2024ರಲ್ಲಿ ಸುಮಾರು 17.6 ಲಕ್ಷ ಪೂರ್ಣ ವಿದ್ಯುತ್ ಕಾರುಗಳನ್ನು ಮಾರಿದರೆ, ಪ್ಲಗ್-ಇನ್ ಹೈಬ್ರಿಡ್‌ಗಳನ್ನು ಸುಮಾರು 24.8 ಲಕ್ಷ ಮಾರಿತು. ಚಿಕ್ಕ ಬ್ಯಾಟರಿಯಿಂದ ಬೆಲೆ ತಗ್ಗುತ್ತದೆ. ಪೆಟ್ರೋಲ್ ಕಾರು ಕೊಳ್ಳಲು ಬಂದವರೂ ಇತ್ತ ತಿರುಗುತ್ತಾರೆ.

ಕಾರಿನ ಗಾತ್ರವೂ ಮುಖ್ಯ. ಚೀನಾದ ಲಿ ಆಟೊ ಕಂಪನಿ 2019ರಲ್ಲಿ ತಂದ ಆರು ಆಸನಗಳ 'ಲಿ ಒನ್' ಕಾರಿನ ಬ್ಯಾಟರಿ 40.5 ಕಿಲೋವ್ಯಾಟ್-ಗಂಟೆ. ಹೆಚ್ಚುಕಡಿಮೆ ಐ3 ಎಂಜಿನ್ನನ್ನು ಕೈಬಿಟ್ಟಾಗ ಇದ್ದಷ್ಟೇ! ಆದರೆ ಐ3ರ ತೂಕ ಸುಮಾರು 1.3 ಟನ್, ಇದರದು 2.3 ಟನ್. ಹೆಚ್ಚು ಸಡಿಲವಾದ ಪರೀಕ್ಷೆಯಲ್ಲೂ ಇದರ ಬ್ಯಾಟರಿ ಓಡಿಸಿದ್ದು 180 ಕಿಮೀ ಮಾತ್ರ. ಉಳಿದ ದಾರಿಗೆ 1.2 ಲೀಟರ್ ಎಂಜಿನ್ನಿನ ಜನರೇಟರೇ ಬೇಕಾಯಿತು.