ಮಿಡತೆ ಅಂದ್ರೆ ಯಾವ ಮಿಡತೆ?

2020ರ ಮೇ ತಿಂಗಳು ನೆನಪಿದೆಯಾ? ಲಾಕ್‌ಡೌನ್, ವರ್ಕ್ ಫ್ರಮ್ ಹೋಮ್, ಅದರ ಮೇಲೆ ಮಿಡತೆ ದಾಳಿಯ ಸುದ್ದಿ. ಹಿಂಡುಗಳು ರಾಜಸ್ಥಾನ, ಮಧ್ಯಪ್ರದೇಶ ದಾಟಿ ವಿದರ್ಭಕ್ಕೂ ಬಂದಿದ್ದವು. ಜೂನ್ ಕೊನೆಗೆ ಗುರುಗ್ರಾಮದ ಆಕಾಶದಲ್ಲೂ ಕಾಣಿಸಿಕೊಂಡವು.

ಅದೇ ಮೇ ಕೊನೆಯಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಕ್ಕದ ಗಿಡಗಳ ತುಂಬಾ ಮಿಡತೆಗಳು ಕಂಡವು. ಜನ ಗಾಬರಿಯಾದರು. ಕೊನೆಗೆ ಗೊತ್ತಾಗಿದ್ದು, ಅವು ದಾಳಿ ಮಾಡೋ ಮರುಭೂಮಿ ಮಿಡತೆ ಅಲ್ಲ, ಇಲ್ಲೇ ಇರೋ ಮಿಡತೆ.

ಈ ಗಾಬರಿಗೆ ಹೆಸರೂ ಒಂದು ಕಾರಣ ಇರಬಹುದು. ತಮಿಳಲ್ಲಿ ಎರಡಕ್ಕೂ ‘ವೆಟ್ಟುಕ್ಕಿಳಿ’ ಅಂತಾರೆ, ಅಂದರೆ ಕತ್ತರಿಸೋ ಗಿಳಿ. ನಮ್ಮಲ್ಲಿ ಎರಡೂ ‘ಮಿಡತೆ’, ತೆಲುಗಲ್ಲಿ ‘ಮಿಡತ’. ದೆಹಲಿಯಲ್ಲಿರೋರು ಗಮನಿಸಿರ್ತೀರಿ, ಹಿಂದಿಯಲ್ಲಿ ಹುಲ್ಲಲ್ಲಿ ಹಾರೋದು ‘ಟಿಡ್ಡಾ’, ಹಿಂಡು ಕಟ್ಟಿ ಬರೋದು ‘ಟಿಡ್ಡೀ’. ಪುಣೆ, ಮುಂಬೈ ಕಡೆ ಮೊದಲನೆಯದು ‘ನಾಕತೋಡಾ’, ಎರಡನೆಯದು ‘ಟೋಳ’. ಕರೆಯದೇ ಗುಂಪಾಗಿ ಬಂದು ಎಲ್ಲ ಖಾಲಿ ಮಾಡೋರಿಗೂ ಮರಾಠಿಯಲ್ಲಿ ‘ಟೋಳಧಾಡ’ ಅಂತಾರೆ!

ಹಾಗಾದ್ರೆ ಕನ್ನಡ ತಪ್ಪಾ? ಖಂಡಿತ ಇಲ್ಲ. ಮರುಭೂಮಿ ಮಿಡತೆಯೂ ಮಿಡತೆಯೇ. ಒಂಟಿಯಾಗಿದ್ದಾಗ ತನ್ನ ಪಾಡಿಗೆ ಇರುತ್ತೆ. ಮಳೆ ಬಂದು, ಹಸಿರು ಹೆಚ್ಚಿ, ಸಂಖ್ಯೆ ಬೆಳೆದು, ಒಂದಕ್ಕೊಂದು ತಾಗುವಷ್ಟು ದಟ್ಟಣೆ ಆದಾಗ ಅದರ ಬಣ್ಣ, ನಡವಳಿಕೆ ಎರಡೂ ಬದಲಾಗುತ್ತವೆ. ಆಗ ಹಿಂಡು ಕಟ್ಟುತ್ತೆ. ಒಂದು ಚದರ ಕಿಲೋಮೀಟರ್‌ನಷ್ಟು ಹಿಂಡು ದಿನಕ್ಕೆ ಸುಮಾರು 35,000 ಜನರ ಊಟದಷ್ಟು ತಿಂದು ಹಾಕಬಲ್ಲದು.

ರಾತ್ರಿ ಕಿರ್‌ಕಿರ್ ಅನ್ನೋ ಹುಳದ ಕಥೆಯೂ ಹೀಗೇ. ಹಿಂದಿಯಲ್ಲಿ ‘ಝೀಂಗುರ್’, ಮರಾಠಿಯಲ್ಲಿ ‘ರಾತಕಿಡಾ’, ತೆಲುಗಲ್ಲಿ ‘ಕೀಚುರಾಯಿ’, ತಮಿಳಲ್ಲಿ ‘ಸುವರ್ಕೋಳಿ’, ಅಂದರೆ ಗೋಡೆ ಕೋಳಿ. ನಾವು ‘ಜೀರುಂಡೆ’ ಅಂದುಬಿಡ್ತೀವಿ. ಆದರೆ ಮಲೆನಾಡಲ್ಲಿ ಮರದ ಮೇಲೆ ಕೂತು ಕಿವಿ ಗುಯ್‌ಗುಟ್ಟಿಸೋದೂ ಜೀರುಂಡೆಯೇ. ಅದು ಬೇರೆ ಗುಂಪಿನ ಕೀಟ. ಅದರ ಸದ್ದು ಹೊಟ್ಟೆಯ ಪಕ್ಕದ ಪೊರೆಗಳಿಂದ ಬರುತ್ತೆ. ರಾತ್ರಿ ಹುಳ ರೆಕ್ಕೆಗೆ ರೆಕ್ಕೆ ಉಜ್ಜುತ್ತೆ. ಅದರ ಮೀಸೆ ಉದ್ದ, ಮಿಡತೆಯದು ಗಿಡ್ಡ.

ಇನ್ಮೇಲೆ ಊರಿಂದ ಅಪ್ಪ ಫೋನ್ ಮಾಡಿ “ಹೊಲಕ್ಕೆ ಮಿಡತೆ ಬಂದಿದೆ ಕಣೋ” ಅಂದ್ರೆ, ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಫಾರ್ವರ್ಡ್ ಮಾಡಬೇಡಿ. ಮೊದಲು ಕೇಳಿ: “ಅಪ್ಪಾ, ಎಕ್ಕದ ಗಿಡದಲ್ಲಿ ಕೂತಿದ್ಯಾ, ಇಲ್ಲಾ ಆಕಾಶದ ತುಂಬಾ ಹಾರ್ತಿದ್ಯಾ?” ಒಂದು ಫೋಟೋ ತೆಗೆದು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸೋಕೆ ಹೇಳಿ. ಹೆಸರು ಒಂದೇ ಇದ್ದಾಗ, ಪ್ರಶ್ನೆ ಎರಡು ಕೇಳಬೇಕು.